ಗ್ಲಾಸಿನಲ್ಲಿ ಬೇರು ಬಿಟ್ಟ ಮರುಗ

ಇವತ್ತು ಬೆಳಿಗ್ಗೆ ಪಡಸಾಲೆಯ ಟೇಬಲ್ಲಿನ ಮೇಲಿದ್ದ ಸ್ಟೀಲಿನ ಗ್ಲಾಸಿನ ನೀರು ಬದಲಿಸಲು ಹೋದಾಗ ಮರುಗದ ಕಡ್ಡಿಯ ಬುಡದಲ್ಲಿ ಏನೋ ಬೆಳ್ಳಗೆ ಕಂಡಿತು. ಕೊಳೆಯುತ್ತಿದೆ ಎಂದುಕೊಂಡೆ. ಕನ್ನಡಕ ಹುಡುಕಿ ತಂದು, ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬೇರು. ಹೊಲಿಗೆ ದಾರದಷ್ಟು ಸಣ್ಣವು, ನಾಲ್ಕೋ ಐದೋ. ಖುಷಿಪಡಬೇಕಾದ ಹೊತ್ತು ಅದು. ನಾನು ಮಾತ್ರ ಗರ ಬಡಿದವಳ ಹಾಗೆ ಗ್ಲಾಸು ಹಿಡಿದು ನಿಂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿತು. ನಮ್ಮ ಯಜಮಾನರು ಒಳಗಿನಿಂದ ಹಾಲು, ಹಾಲು ಎಂದು ಕೂಗಿದ್ದು ಕೇಳಿಸಿತು.

ಒಂದು ಕಡ್ಡಿ ಬೇರು ಬಿಟ್ಟರೆ ಇಷ್ಟು ಗಲಿಬಿಲಿ ಯಾಕೆ ಎಂದು ನೀವು ಕೇಳುತ್ತೀರಿ. ನಮ್ಮ ಯಜಮಾನರೂ ಅದನ್ನೇ ಕೇಳಿದರು, ಉಕ್ಕಿದ ಹಾಲನ್ನು ಒರೆಸುತ್ತಾ. ಅವರಿಗೆ ಉತ್ತರ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಕೊನೆಗೆ ನಿಮಗೂ ತಲೆ ಕೆಟ್ಟರೆ ನನ್ನನ್ನು ಬೈಯಬಾರದು.

ಮೊದಲು ಈ ಗ್ಲಾಸಿನ ಸಂಗತಿ. ಬಳ್ಳಾರಿಯಲ್ಲಿ ನಮ್ಮದು ಬಾಡಿಗೆ ಮನೆ, ಮೊದಲನೇ ಮಹಡಿ. ಮೇಲೆ ಬೋಳು ಮಾಳಿಗೆ. ಈ ಊರಿನ ಬಿಸಿಲು ನಿಮಗೆ ಗೊತ್ತಿರಬಹುದು. ಒಣಹಾಕಿದ ಹಪ್ಪಳ ನಾವು ಕೆಳಗಿಳಿದು ಬರುವಷ್ಟರಲ್ಲಿ ಒಣಗಿರುತ್ತದೆ. ಅಂಥಲ್ಲಿ ನಾನು ಪೇಂಟಿನ ಡಬ್ಬಿ, ತಳ ಸೀಳಿದ ಪ್ಲಾಸ್ಟಿಕ್ ಕೊಡ, ಎಣ್ಣೆ ಡಬ್ಬಗಳಲ್ಲಿ ಮಣ್ಣು ತುಂಬಿ, ಹಳೆಯ ಸೀರೆಯೊಂದನ್ನು ನೆರಳಿಗೆ ಕಟ್ಟಿ ಗಿಡ ಸಾಕುತ್ತೇನೆ. ದುಂಡುಮಲ್ಲಿಗೆ, ಕೆಂಪು ದಾಸವಾಳ, ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ. ಬಿಸಿಲು ಏರುವ ಮೊದಲು ಮೇಲೆ ಹೋಗಿ ಒಂದು ತಟ್ಟೆ ತುಂಬ ಬಿಡಿಸಿಕೊಂಡು ಬರುವುದು ನನ್ನ ದಿನದ ಮೊದಲ ಕೆಲಸ. ಮೆಟ್ಟಿಲಿಳಿಯುವಾಗ ತಟ್ಟೆಯಿಂದ ಬರುವ ವಾಸನೆ ಇದೆಯಲ್ಲ, ಅದರ ಮುಂದೆ ಕಾಫಿ ಏನೂ ಅಲ್ಲ.

ಕೆಳಗೆ ಬಂದ ಮೇಲೆ ಪಾಲು ಮಾಡುವ ಕೆಲಸ. ಯಜಮಾನರ ಪೂಜೆಗೆ ದಾಸವಾಳ ಮತ್ತು ನಾಲ್ಕು ಮಲ್ಲಿಗೆ, ನನ್ನ ಜಡೆಗೆ ಉಳಿದ ಮಲ್ಲಿಗೆ, ಅಡಿಗೆಮನೆಗೆ ಪುದೀನ. ಆಮೇಲೂ ಸ್ವಲ್ಪ ಉಳಿಯುತ್ತದೆ. ನಾನು ಹುಟ್ಟಿ ಬೆಳೆದ ಕುರುಗೋಡಿನ ಮನೆಯಲ್ಲಿ ಹೂವು ದೇವರಿಗೆ, ಇಲ್ಲವೇ ತಲೆಗೆ. ಮೂರನೇ ಪಾಲು ಎಂಬುದು ಇರಲಿಲ್ಲ. ಇಲ್ಲಿ ನಾನೇ ಒಂದು ಮೂರನೇ ಪಾಲು ಮಾಡಿಕೊಂಡೆ. ಕಾಮಕಸ್ತೂರಿಯ ಎರಡು ತೆನೆ, ಒಂದು ದಾಸವಾಳ, ಅಷ್ಟನ್ನು ಸ್ಟೀಲಿನ ಗ್ಲಾಸಿಗೆ ನೀರು ಹಾಕಿ ಪಡಸಾಲೆಯಲ್ಲಿ ಇಡುವುದು. ಮೊದಲ ವಾರ ಯಜಮಾನರು ಪೇಪರಿನಿಂದ ತಲೆಯೆತ್ತದೆ ಆ ಗ್ಲಾಸೆತ್ತಿ ಅರ್ಧ ಕುಡಿದೂ ಬಿಟ್ಟಿದ್ದರು. ಯಾಕೆ ಇಡುತ್ತೀ ಎಂದರೆ, ಸುಮ್ಮನೆ. ಅದು ಅಲ್ಲಿದ್ದರೆ ನನಗೆ ಸಮಾಧಾನ.

ಆದರೆ ಆ ಗ್ಲಾಸಿನಲ್ಲಿ ಒಂದು ವಾಸನೆ ಮಾತ್ರ ಯಾವಾಗಲೂ ಕಡಿಮೆ ಬೀಳುತ್ತಿತ್ತು. ಮರುಗ. ಹೂ ಮಾರುವವರು ಕನಕಾಂಬರದ ನಡುವೆ ಸೇರಿಸಿ ಕಟ್ಟುವ ಸಣ್ಣೆಲೆಯ ಹಸಿರು ಕಡ್ಡಿ. ನಮ್ಮ ಬೀದಿಯ ಹೂವಿನವಳು ತೆಲುಗಿನಲ್ಲಿ ಮರುವಂ ಅನ್ನುತ್ತಾಳೆ. ನರ್ಸರಿಯಿಂದ ಮೂರು ಸಲ ತಂದು ಮಣ್ಣಿಗೆ ಹಚ್ಚಿದೆ. ಮೂರು ಸಲವೂ ಸತ್ತಿತು. ಪ್ರತಿ ಸಲ ಸತ್ತಾಗಲೂ ನನಗೆ ಗಿಡದ ಮೇಲೆ ಬರಬೇಕಾದ ಬೇಜಾರು ಸಿರುಗುಪ್ಪದಲ್ಲಿರುವ ನನ್ನ ನೆಗೆಣ್ಣಿಯ ಮೇಲೆ ಬರುತ್ತಿತ್ತು.

ನೆಗೆಣ್ಣಿ ಎಂದರೆ ಯಜಮಾನರ ಅಣ್ಣನ ಹೆಂಡತಿ, ಶರಣಮ್ಮಕ್ಕ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದಾಗ ನನಗೆ ಆ ಮನೆಯಲ್ಲಿ ಮೊದಲು ಹಿಡಿಸಿದ್ದು ಅಕ್ಕ ಅಲ್ಲ, ಅವರ ಹಿತ್ತಲು. ಕರಿಮಣ್ಣು, ಕೈತುಂಬ ನೀರು, ಸುತ್ತ ನೆಲ್ಲಿನ ಗದ್ದೆಗಳ ತಂಪು. ಬಚ್ಚಲ ನೀರು ಹರಿದುಹೋಗುವ ಜಾಗದ ಪಕ್ಕದಲ್ಲಿ ಒಂದು ಮಾರು ಅಗಲಕ್ಕೆ ಮರುಗ ಹಬ್ಬಿತ್ತು. ಸ್ನಾನ ಮಾಡಿ ಬರುವಾಗ ಸೀರೆಯ ಅಂಚು ತಾಗಿದರೆ ಸಾಕು, ಮನೆಯ ಒಳಗಿನವರೆಗೂ ವಾಸನೆ ನಮ್ಮ ಹಿಂದೆಯೇ ಬರುತ್ತಿತ್ತು. ಅಕ್ಕನದು ಮಾತು ಕಡಿಮೆ. ಬಂದ ಹೊಸದರಲ್ಲಿ ಅವರಿಗೆ ನಾನು ಇಷ್ಟವೋ ಅಲ್ಲವೋ ನನಗೆ ತಿಳಿಯುತ್ತಲೇ ಇರಲಿಲ್ಲ. ದಿನಾ ಬೆಳಿಗ್ಗೆ ನನ್ನ ತಲೆದಿಂಬಿನ ಪಕ್ಕ ಒಂದು ಕಡ್ಡಿ ಮರುಗ ಇರುತ್ತಿತ್ತು. ಇಟ್ಟವರು ಯಾರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹದಿನೆಂಟು ವರ್ಷದ ಹಿಂದೆ ನನಗೆ ಬಳ್ಳಾರಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ನಾವಿಬ್ಬರೂ ಗಂಟು ಕಟ್ಟಿಕೊಂಡು ಹೊರಟೆವು. ಹೊರಡುವ ಹಿಂದಿನ ದಿನ, ಆ ಮನೆಯಿಂದ ಬೇರೇನೂ ಬೇಡ, ಮರುಗದ ಒಂದು ಬುಡ ಕೊಡಿ ಎಂದು ಅಕ್ಕನನ್ನು ಕೇಳಿದೆ. ಕೇಳಲು ನಾಲ್ಕು ದಿನ ಧೈರ್ಯ ಕೂಡಿಸಿದ್ದೆ. ಅಕ್ಕ ನನ್ನ ಮುಖವನ್ನೂ ನೋಡಲಿಲ್ಲ.

"ಮರುಗ ಕೊಡಾಕ ಬರಂಗಿಲ್ಲ ತಂಗಿ."

ಅಷ್ಟೇ. ಆಮೇಲೆ ಅವರು ಮಾಡಿದ್ದನ್ನು ಕೇಳಿ. ಯಾವಾಗಲೂ ಬೆಳಿಗ್ಗೆ ಹಿತ್ತಲಿಗೆ ನೀರು ಬಿಡುವವರು ಅವತ್ತು ಸಂಜೆ, ನನ್ನ ಕಣ್ಣೆದುರೇ, ಎರಡು ಕೊಡ ನೀರನ್ನು ಆ ಮರುಗಕ್ಕೇ ಹೊಯ್ದರು. ಕಳೆ ಕೀಳುವ ಕುರ್ಪಿಯನ್ನು ಗಿಡದ ಪಕ್ಕದಲ್ಲೇ ಬಿಸಾಡಿದರು. ಒಂದು ಹಸಿ ಗೋಣಿಚೀಲದ ತುಂಡನ್ನೂ ಅಲ್ಲೇ ಬಿಟ್ಟರು. ಒಳಗೆ ಹೋಗಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಲು ಕುಳಿತರು. ಒರಳಿನ ಸದ್ದು ಧಿಗ್ ಧಿಗ್ ಎಂದು ದೀಪ ಹಚ್ಚುವವರೆಗೂ ನಿಲ್ಲಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ಕುಳಿತು, ಬೇಡಿದವಳ ಮುಂದೆ ಗಿಡಕ್ಕೆ ನೀರು ಹೊಯ್ದು ತೋರಿಸುವ ಇಂಥ ಮನಸ್ಸೂ ಇರುತ್ತದೆಯೇ ಎಂದು ಅತ್ತುಬಿಟ್ಟೆ. ಮರುದಿನ ಅಕ್ಕ ಒಂದು ಡಬ್ಬಿ ತುಂಬ ಹಿಂಡಿ ಕೊಟ್ಟರು. ಹಿಂಡಿ ತೆಗೆದುಕೊಂಡು ಬಸ್ಸು ಹತ್ತಿದೆ.

ಅವತ್ತಿನಿಂದ ನಾನು ಆ ಮನೆಯಲ್ಲಿ ಏನನ್ನೂ ಕೇಳಲಿಲ್ಲ. ಹಬ್ಬಕ್ಕೆ ಹೋದರೂ ಬಾಯಾರಿದರೆ ನಾನೇ ಎದ್ದು ನೀರು ತೆಗೆದುಕೊಳ್ಳುತ್ತಿದ್ದೆ. ಅಕ್ಕ ಉಪ್ಪಿನಕಾಯಿ ಕಳಿಸಿದರೆ ಆ ಡಬ್ಬಿಯಲ್ಲಿ ಉಂಡಿ ತುಂಬಿಸಿ ಮುಂದಿನ ವಾರವೇ ತಿರುಗಿಸುತ್ತಿದ್ದೆ, ಅವರ ಹಂಗು ನನಗೆ ಬೇಡ ಎಂಬಂತೆ. ದಿಂಬಿನ ಪಕ್ಕದ ಮರುಗವೂ ನಿಂತುಹೋಗಿತ್ತು. ಜಗಳವೆಂದು ಹೇಳಲು ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಮಾತಾಗದ ಜಗಳವನ್ನು ಬಿಡಿಸುವುದು ಯಾರ ಕೈಲಾಗುತ್ತದೆ? ಯಜಮಾನರಿಗೆ ಒಮ್ಮೆ ಹೇಳಿದ್ದಕ್ಕೆ, ಒಂದು ಗಿಡಕ್ಕೆ ಇಷ್ಟೆಲ್ಲ ಯಾಕೆ, ಹೂವಿನಂಗಡಿಯಲ್ಲಿ ಸಿಗುತ್ತದಲ್ಲ ಎಂದರು. ಗಂಡಸರಿಗೆ ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ.

ಹೀಗಿರುವಾಗ ಹೋದ ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕನನ್ನು ಕಣ್ಣಿನ ಪೊರೆ ತೆಗೆಸಲು ಮನೆಯವರು ಬಳ್ಳಾರಿಗೆ ಕರೆತಂದರು. ಹತ್ತು ದಿನ ನಮ್ಮ ಮನೆಯಲ್ಲಿ ಉಳಿಯಬೇಕು. ತಲೆ ಬಗ್ಗಿಸಬಾರದು, ಒಲೆಯ ಹತ್ತಿರ ಹೋಗಬಾರದು, ದಿನಕ್ಕೆ ನಾಲ್ಕು ಸಲ ಔಷಧಿ. ಎಡಗಣ್ಣಿಗೆ ಪಟ್ಟಿ, ಬಲಗಣ್ಣು ಮೊದಲೇ ಮಂಜು. ಹದಿನೆಂಟು ವರ್ಷ ನನ್ನ ಅಡಿಗೆಮನೆಗೆ ಕಾಲಿಡದ ಅಕ್ಕ ಪಡಸಾಲೆಯ ಕುರ್ಚಿಯಲ್ಲಿ, ಆ ಗ್ಲಾಸಿನ ಪಕ್ಕ, ಇಡೀ ದಿನ ಸುಮ್ಮನೆ ಕುಳಿತಿರುತ್ತಿದ್ದರು. ನನಗೋ ಏನು ಮಾತಾಡಬೇಕೆಂದು ತಿಳಿಯದೆ ಹತ್ತು ಸಲ ಕಾಫಿ ಬೇಕಾ ಎಂದು ಕೇಳುವುದು.

ಎರಡನೇ ದಿನ ಅಕ್ಕನೇ ಕೇಳಿದರು, ಈ ವಾಸನೆ ಯಾವ ದೇವರಿಗೆ ಇಟ್ಟದ್ದು ಎಂದು. ಯಾವ ದೇವರಿಗೂ ಅಲ್ಲ, ಸುಮ್ಮನೆ ಎಂದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಗ್ಲಾಸಿನ ಕಡೆ ಮುಖ ತಿರುಗಿಸಿ, "ಚಲೋ ಆತು ಬಿಡು. ಇದರ ಮ್ಯಾಲೆ ನಾನು ಎಲ್ಲಿ ಕುಂತೀನಿ ಅಂತ ಗೊತ್ತಾಗತೈತಿ" ಎಂದರು. ಪುದೀನ ವಾಸನೆ ಬಂದರೆ ಅಡಿಗೆಮನೆ ಎಡಕ್ಕೆ, ಕಾಮಕಸ್ತೂರಿ ಹಿಂದಾದರೆ ಬಚ್ಚಲು ಮುಂದೆ. ಗೋಡೆ ಮುಟ್ಟದೆ ಅವರು ನನ್ನ ಮನೆಯಲ್ಲಿ ಓಡಾಡತೊಡಗಿದರು. ಅಂದಿನಿಂದ ಮಾಳಿಗೆಯಿಂದ ತರುವುದು ಸ್ವಲ್ಪ ಹೆಚ್ಚೇ ಆಯಿತು. ಮಲಗುವ ಕೋಣೆಗೆ ಮಲ್ಲಿಗೆ, ಬಚ್ಚಲ ಬಾಗಿಲಿಗೆ ದೊಡ್ಡಪತ್ರೆ. ಯಜಮಾನರ ಪೂಜೆಗೆ ಹೂವು ಕಡಿಮೆ ಬಿದ್ದು ಅವರು ಗೊಣಗಿದರು.

ನಾಲ್ಕನೇ ದಿನ, ಕಣ್ಣಿಗೆ ಔಷಧಿ ಹಾಕಿಸಿಕೊಂಡು ತಲೆ ಹಿಂದಕ್ಕೆ ಚಾಚಿ ಕುಳಿತಿದ್ದ ಅಕ್ಕ, ಎಲ್ಲ ಐತಿ, ಮರುಗ ಒಂದು ಇಲ್ಲ ನೋಡು ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಎಲ್ಲಿಂದ ತರ್ಲಿ ಅಕ್ಕಾ? ನೀವು ಕೊಡ್ಲಿಲ್ಲಲ್ರಿ."

"ನೀ ತಗೊಳ್ಳಿಲ್ಲಲ್ಲ."

ಅಕ್ಕ ಮುಚ್ಚಿದ ಕಣ್ಣು ತೆರೆಯದೆ ಹೇಳುತ್ತಾ ಹೋದರು. "ಕೈಲೆ ಕೊಟ್ಟ ಮರುಗ ಹತ್ತಂಗಿಲ್ಲ, ಬೇರು ಬಿಡಂಗಿಲ್ಲ. ಕದ್ದು ಒಯ್ದದ್ದು ಹತ್ತತೈತಿ. ಅದಕ್ಕ ಬುಡ ಮೆತ್ತಗಾಗ್ಲಿ ಅಂತ ನೀರು ಹೊಯ್ದೆ, ಕುರ್ಪಿ ಇಟ್ಟೆ, ಸುತ್ತಾಕ ಗೋಣಿ ಇಟ್ಟೆ. ಊರಿಗೆ ಬಂದಾಕಿ ನೀರಿಗೆ ಬರ್ಲಾರ್ದ ಇರ್ತಾಳೇನು, ಒಯ್ತಾಳ ಅಂತ ಒಳಗ ಕುಟ್ಟಿಕೊಂತ ಕುಂತೆ. ಅಂಗೈ ಬೊಬ್ಬಿ ಬಂದ್ವು. ಮುಂಜಾನಿ ನೋಡಿದ್ರ ಗಿಡ ಇದ್ದಲ್ಲೇ ಐತಿ. ನನ್ನ ಕೈಯಾಗಿನ ಗಿಡ ಸೈತ ಈಕಿಗೆ ಬ್ಯಾಡಾತು ಅಂದ್ಕೊಂಡೆ."

ಅವತ್ತು ಕುಟ್ಟಿದ ಹಿಂಡಿಯನ್ನು ಅವರ ಮನೆಯಲ್ಲಿ ಹದಿನೈದು ದಿನ ತಿಂದರಂತೆ.

ಈಗ ನನ್ನ ಕಷ್ಟ ನಿಮಗೆ ಅರ್ಥವಾಗಬೇಕಾದರೆ ಕುರುಗೋಡಿನ ನಮ್ಮ ಅವ್ವನ ಬಗ್ಗೆ ಹೇಳಬೇಕು. ಅವ್ವ ಯಾರಿಗಾದರೂ ಗಿಡ ಕೊಡುವುದೆಂದರೆ ಮಗಳನ್ನು ಕಳಿಸಿಕೊಟ್ಟ ಹಾಗೆ. ಬುಡದ ಮಣ್ಣು ಉದುರದಂತೆ ಎತ್ತಿ, ಅರಿಶಿನ ಹಚ್ಚಿ, ತೆಗೆದುಕೊಳ್ಳುವವಳು ಸೆರಗು ಒಡ್ಡಿದರೆ ಅದರಲ್ಲಿ ಇಡುತ್ತಿದ್ದಳು. ಕೇಳದೆ ಕಿತ್ತ ಗಿಡ ತವರು ನೆನೆಸಿಕೊಂಡು ಸಾಯುತ್ತದೆ ಎಂಬುದು ಅವಳ ಮಾತು. ಆ ಕೆಮ್ಮಣ್ಣಿನ, ಬಂಡೆಗಲ್ಲಿನ ಊರಲ್ಲಿ ಒಂದು ಗಿಡ ಹತ್ತಿಸುವುದೇ ದೊಡ್ಡದು; ಕದಿಯುವುದನ್ನು ಯಾರು ಸಹಿಸುತ್ತಾರೆ? ಅಂಥವಳ ಮಗಳು ನಾನು. ಕುರ್ಪಿ ಬಿಟ್ಟು ಒಳಗೆ ಹೋದರೆ ಅದು ತೆಗೆದುಕೋ ಎಂಬ ಮಾತೆಂದು ನನಗೆ ಹೇಗೆ ಹೊಳೆಯಬೇಕು? ಎರಡೂರಿನ ನಡುವೆ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ನಾವು ಹದಿನೆಂಟು ವರ್ಷ ತೆಗೆದುಕೊಂಡೆವು.

ಅವತ್ತು ಅಕ್ಕನ ಕೈ ಹಿಡಿದು ಅತ್ತುಬಿಡಬೇಕಿತ್ತು. ಅಳಲಿಲ್ಲ. ನನಗೆ ಅನುಮಾನ ಶುರುವಾಯಿತು. ನಿಜವಾಗಿ ಅಂಥ ಪದ್ಧತಿ ಇದೆಯೋ, ಅಥವಾ ಈಗ ನನ್ನ ಮನೆಯ ಅನ್ನ ಉಣ್ಣುವಾಗ ಅಕ್ಕ ಹೊಸೆದ ಮಾತೋ? ನೋಡಿ, ಎಂಥ ಮನಸ್ಸು ನನ್ನದು. ಶಾಲೆಯಲ್ಲಿ ಮೋಕ ಎಂಬ ಊರಿನ ಟೀಚರೊಬ್ಬರನ್ನು ಕೇಳಿದೆ. ಕದಿಯಬೇಕಾದದ್ದು ಕರಿಬೇವು, ಮರುಗವಲ್ಲ ಎಂದರು. ಕೆಳಗಿನ ಮನೆಯ ಹಲಕುಂದಿಯ ಹೆಂಗಸು, ಕದಿಯುವವರು ಮಾಡಿಕೊಂಡ ಪದ್ಧತಿ ಅದು ಎಂದು ನಕ್ಕಳು. ಸಿರುಗುಪ್ಪದವಳೇ ಆದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ, ನಮ್ಮನ್ಯಾಗ ಕೇಳಿಲ್ಲ ಮೇಡಂ, ಅಜ್ಜಿಗೆ ಗೊತ್ತಿತ್ತೇನೋ ಎಂದಳು. ಕೇಳಿದಷ್ಟೂ ಗೋಜಲು. ಆದರೆ ರಾತ್ರಿ ಔಷಧಿ ಹಾಕುವಾಗಲೆಲ್ಲ ನನ್ನ ಕಣ್ಣು ಅಕ್ಕನ ಅಂಗೈಗೇ ಹೋಗುತ್ತಿತ್ತು, ಹದಿನೆಂಟು ವರ್ಷದ ಹಿಂದಿನ ಬೊಬ್ಬೆ ಈಗ ಕಾಣುವುದೇನೋ ಎಂಬಂತೆ.

ಹತ್ತನೇ ದಿನ ಅಕ್ಕ ಹೊರಡುವಾಗ ನಾನು ಒಂದು ನಿರ್ಧಾರ ಮಾಡಿದೆ. ನಂಬಿದರೆ ಪೂರ್ತಿ ನಂಬಬೇಕು. ಕಾಮಕಸ್ತೂರಿಯ ಒಂದು ಸಸಿ ಅವರಿಗೆ ಹೋಗಲಿ, ಅವರ ಪದ್ಧತಿಯಂತೆಯೇ ಹೋಗಲಿ. ಸಸಿಯಿದ್ದ ಡಬ್ಬಿಯನ್ನು ಮಾಳಿಗೆಯಿಂದ ತಂದು ಪಡಸಾಲೆಯಲ್ಲಿ ಇಟ್ಟೆ, ನೀರು ಹಾಕಿದೆ, ಚಮಚ ಇಟ್ಟೆ, ಒದ್ದೆ ಬಟ್ಟೆ ಇಟ್ಟೆ. ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ಸದ್ದು ಮಾಡಿ ತೊಳೆಯತೊಡಗಿದೆ. ಕಾಲು ಗಂಟೆ ತೊಳೆದಿರಬೇಕು. ಯಜಮಾನರು ಬಂದು, ಆಟೋ ಬಂದು ನಿಂತಿದೆ, ನಿನಗೇನಾಗಿದೆ ಎಂದು ಗದರಿದರು. ಪಡಸಾಲೆಗೆ ಬಂದರೆ ಸಸಿ ಇದ್ದಲ್ಲೇ ಇದೆ. ಅಕ್ಕ ಕುರ್ಚಿಯಲ್ಲಿ ಕರಿ ಕನ್ನಡಕ ಹಾಕಿಕೊಂಡು, ಸೆರಗನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ಕುಳಿತಿದ್ದಾರೆ. ಸೆರಗು ಧೂಳಾಗುತ್ತದೆಂದು ಹಿಡಿದಿದ್ದಾರೆ ಎಂದುಕೊಂಡೆ. ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಅಕ್ಕ ಎದ್ದರು, ಸೆರಗು ಕೊಡವಿದರು, ಬರ್ತೀನಿ ತಂಗಿ ಎಂದರು. ಆಟೋ ತಿರುವಿನಲ್ಲಿ ಮರೆಯಾಗಿ, ನಾನು ಮೆಟ್ಟಿಲು ಹತ್ತುತ್ತಿರುವಾಗ ನಡುವೆಯೇ ನಿಂತೆ. ಅದು ಹಿಡಿದ ಸೆರಗಲ್ಲ, ಒಡ್ಡಿದ ಸೆರಗು. ಕುರುಗೋಡಿನ ಪದ್ಧತಿಯನ್ನು ನಾನೇ ಅವರಿಗೆ ಹೇಳಿದ್ದೆ, ಎರಡು ದಿನದ ಹಿಂದೆ.

ಇಂಥ ಮೂರ್ಖತನಕ್ಕೆ ಏನನ್ನಬೇಕು? ಈ ಸಲ ಫೋನ್ ಮಾಡಿಯಾದರೂ ಹೇಳಬಹುದಿತ್ತು. ಬೆರಳು ಒತ್ತಲು ಹೋಗಿ ಹಿಂದೆ ಬರುತ್ತಿತ್ತು. ಅಕ್ಕ ಮತ್ತೆ ಬೇಡವೆನಿಸಿಕೊಂಡು ಹೋದರಲ್ಲ, ಅದೂ ನನ್ನ ಮನೆಯಿಂದ, ಎಂಬ ಸಂಕಟ ಒಂದು ಕಡೆ. ಬರೀ ಧೂಳಿನ ಸೆರಗೇ ಆಗಿದ್ದರೆ ನಗೆಪಾಟಲಾಗುತ್ತೇನೆಂಬ ಅಳುಕು ಇನ್ನೊಂದು ಕಡೆ.

ಕಣ್ಣು ತೋರಿಸಲು ಅಕ್ಕ ಮತ್ತೆ ಬಂದದ್ದು ಹೋದ ತಿಂಗಳು. ಈಗ ಕಣ್ಣು ನಿಚ್ಚಳ. ಬಾಗಿಲಲ್ಲೇ ನಿಂತು, ಗೋಡೆಗೆ ಸುಣ್ಣ ಯಾವಾಗ ಬಳಿಸಿದ್ದು ಎಂದು ಕೇಳಿದರು. ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದು ಟೇಬಲ್ಲಿನ ಮೇಲಿಟ್ಟರು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಹದಿನೆಂಟು ವರ್ಷದ ಹಿಂದಿನ ಬೆಳಿಗ್ಗೆಗಳೆಲ್ಲ ಆ ಗಂಟಿನಲ್ಲಿದ್ದವು.

"ಮುಡಿಯಾಕ ತಂದೀನಿ ಮತ್ತ, ಹಚ್ಚಾಕಲ್ಲ" ಎಂದರು.

ಹಿಡಿ ತುಂಬ ಮರುಗದ ಕಡ್ಡಿಗಳು. ಒಂದಕ್ಕೂ ಬೇರಿರಲಿಲ್ಲ. ಒಂದನ್ನು ಪೂಜೆಗಿಟ್ಟೆ, ಎರಡನ್ನು ಮುಡಿದೆ, ಎರಡನ್ನು ಅಕ್ಕನಿಗೆ ಮುಡಿಸಿದೆ, ಉಳಿದದ್ದು ಗ್ಲಾಸಿಗೆ. ಗ್ಲಾಸಿಗೆ ನೀರು ಹಾಕುವಾಗ ಅಕ್ಕ ನನ್ನ ಕಡೆ ಬೆನ್ನು ಮಾಡಿ ಕಿಟಕಿಯ ಆಚೆ ಏನನ್ನೋ ನೋಡುತ್ತಿದ್ದರು. ಆಚೆ ಇದ್ದದ್ದು ಎದುರು ಮನೆಯ ನೀರಿನ ಟ್ಯಾಂಕು. ಸಂಜೆ ಬಸ್ಸಿಗೆ ಹೋದರು. ನಾನು ದಿನಾ ನೀರು ಬದಲಿಸುತ್ತಾ ಬಂದೆ. ಎಲೆ ಉದುರಿದ ಕಡ್ಡಿಗಳನ್ನು ಎಸೆದೆ. ಉಳಿದದ್ದು ಒಂದೇ ಕಡ್ಡಿ. ಇವತ್ತು ಅದಕ್ಕೆ ಬೇರು.

ಈಗ ಹೇಳಿ. ಇದು ಕೊಟ್ಟದ್ದೋ, ಕದ್ದದ್ದೋ? ಕೊಟ್ಟದ್ದೆಂದರೆ ಅಕ್ಕನ ಲೆಕ್ಕದಲ್ಲಿ ಮಣ್ಣಿಗೆ ಹೋದರೆ ಸಾಯುತ್ತದೆ. ಕದ್ದದ್ದೆಂದರೆ ಅವ್ವನ ಲೆಕ್ಕದಲ್ಲಿ ಸಾಯುತ್ತದೆ. ಮುಡಿಯಲು ತಂದದ್ದನ್ನು ಹಚ್ಚಿದರೆ ಮಾತು ಮೀರಿದ ಹಾಗೆ. ಹಚ್ಚದೆ ಬಿಟ್ಟರೆ ಮೂರನೇ ಸಲವೂ ಬೇಡವೆಂದ ಹಾಗೆ. ಒಂದು ದಾರದೆಳೆಯಷ್ಟು ಬೇರು ಹಿಡಿದುಕೊಂಡು ಐವತ್ತು ದಾಟಿದ ಹೆಂಗಸು, ದಿನಾ ನಲವತ್ತು ಮಕ್ಕಳಿಗೆ ಸರಿ ತಪ್ಪು ಗುರುತು ಹಾಕುವವಳು, ಉಕ್ಕಿದ ಹಾಲಿನ ವಾಸನೆಯಲ್ಲಿ ನಿಂತಿದ್ದೆ.

ಕೊನೆಗೆ ಫೋನ್ ಮಾಡಿದೆ. ಮರುಗಕ್ಕೆ ಬೇರು ಬಂದಿದೆ ಎಂದೆ. ಆ ಕಡೆ ಹಿತ್ತಲಲ್ಲಿ ಗುಬ್ಬಿಗಳ ಸದ್ದು ಕೇಳುತ್ತಿತ್ತು.

"ಅಕ್ಕಾ, ಇದು ನೀವು ಕೊಟ್ಟಿದ್ದೋ, ನಾ ಕದ್ದಿದ್ದೋ? ನೀವೇ ಹೇಳ್ರಿ. ನನಗ ತಿಳಿವಲ್ದು."

ಅಕ್ಕ, "ತಡಿ, ಒಳಗ ಕೆಲಸ ಐತಿ" ಎಂದು ಫೋನನ್ನು ಎಲ್ಲೋ ಇಟ್ಟರು. ಕಟ್ ಮಾಡಲಿಲ್ಲ. ಹೆಜ್ಜೆ ದೂರವಾಯಿತು, ಏನೋ ಎಳೆದ ಸದ್ದು. ಮತ್ತೆ ಶುರುವಾಯಿತು, ಧಿಗ್ ಧಿಗ್ ಎಂದು. ಆ ಮನೆಗೆ ಮಿಕ್ಸಿ ಬಂದು ಎಷ್ಟೋ ವರ್ಷವಾಗಿದೆ. ಒರಳನ್ನು ಮೂಲೆಗೆ ಸರಿಸಿ ಅದರ ಮೇಲೆ ಕೊಡ ಇಟ್ಟಿದ್ದನ್ನು ನಾನೇ ನೋಡಿದ್ದೆ.

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಕಟ್ ಮಾಡದ ಫೋನನ್ನು ಟೇಬಲ್ಲಿನ ಮೇಲೆ ಹಾಗೇ ಇಟ್ಟೆ. ಗ್ಲಾಸಿನಿಂದ ಕಡ್ಡಿಯನ್ನು ಎತ್ತಿ, ಯಜಮಾನರಿಗೂ ಕಾಣದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು, ಬಿಸಿಲು ಏರುವ ಮೊದಲು ಮಾಳಿಗೆಯ ಮೆಟ್ಟಿಲು ಹತ್ತಿದೆ. ಕೆಳಗೆ, ಫೋನಿನಲ್ಲಿ, ಅಕ್ಕ ಇನ್ನೂ ಕುಟ್ಟುತ್ತಲೇ ಇದ್ದರು.